ರಟ್ಟಿನ ವಿಮಾನದ ಪೈಲಟ್

ವಿರುಪಾಕ್ಷಪ್ಪನವರು ಹೆದರದೆ ಮುಟ್ಟುತ್ತಿದ್ದ ಯಂತ್ರ ಈ ಭೂಮಿಯ ಮೇಲೆ ಒಂದೇ ಒಂದಿತ್ತು, ಅದು ಅವರ ಹಳೇ ಸ್ಕೂಟರು. ಉಳಿದ ಯಂತ್ರಗಳೆಲ್ಲ ತಮಗಾಗಿಯೇ ಹೊಂಚು ಹಾಕಿ ಕೂತಿವೆ ಎಂಬುದು ಅವರ ಗಟ್ಟಿ ನಂಬಿಕೆ. ಗ್ಯಾಸ್ ಒಲೆ ಹಚ್ಚುವುದು ಹೆಂಡತಿಯ ಕೆಲಸ. ಅದು ಭುಗ್ಗೆನ್ನುವಾಗ ಇವರು ಬಾಲ್ಕನಿಯಲ್ಲಿರುತ್ತಿದ್ದರು. ಕುಕ್ಕರು ಸೀಟಿ ಹಾಕುವ ಹೊತ್ತಿಗೆ ಇವರಿಗೆ ಕೆಳಗೆ ಹೋಗಿ ಕೊತ್ತಂಬರಿ ತರುವ ನೆನಪಾಗುತ್ತಿತ್ತು. ಫ್ಲಾಟು ಕೊಳ್ಳುವಾಗ ಕೂಡ ಲಿಫ್ಟ್ ಇಲ್ಲದ ಕಟ್ಟಡವನ್ನೇ ಹುಡುಕಿ ಕೊಂಡಿದ್ದರು. ರಬಾಳೆಯ ರಬ್ಬರ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಗುಮಾಸ್ತರಾಗಿದ್ದ ಅವರು ತಮ್ಮ ಮೇಜನ್ನು ಯಂತ್ರಗಳಿಂದ ಎಷ್ಟು ದೂರ ಎಳೆದುಕೊಂಡಿದ್ದರೆಂದರೆ, ಇನ್ನೊಂದು ಮೊಳ ಎಳೆದಿದ್ದರೆ ಅದು ಪಕ್ಕದ ಕಾರ್ಖಾನೆಯ ಮೇಜಾಗುತ್ತಿತ್ತು.

ಸ್ಕೂಟರಿಗೆ ಮಾತ್ರ ಅವರು ಹೆದರುತ್ತಿರಲಿಲ್ಲ, ಯಾಕೆಂದರೆ ಸ್ಕೂಟರೇ ಅವರಿಗಿಂತ ಹೆಚ್ಚು ಹೆದರುಪುಕ್ಕಲು. ಬೆಳಿಗ್ಗೆ ಎಷ್ಟು ಒದ್ದರೂ ಅದು ಚಾಲೂ ಆಗುತ್ತಿರಲಿಲ್ಲ. ಆಗ ಮೇಲಿನ ಬಾಲ್ಕನಿಯಿಂದ ಹೆಂಡತಿ ನೀಲಗಂಗಾ ಕೂಗುತ್ತಿದ್ದಳು: "ಎಡಕ್ಕ ವಾರಿ ಮಾಡ್ರೀ!" ವಿರುಪಾಕ್ಷಪ್ಪನವರು ಸ್ಕೂಟರನ್ನು ಎಡಕ್ಕೆ ವಾರೆ ಮಾಡಿ, ಒಂದು ಗಳಿಗೆ ಹಿಡಿದು, ನೆಟ್ಟಗೆ ನಿಲ್ಲಿಸಿ ಒದೆಯುತ್ತಿದ್ದರು. ಅದು ಕೆಮ್ಮಿಕೊಂಡು ಎಚ್ಚರಾಗುತ್ತಿತ್ತು. ಎಂಜಿನ್ ವಿದ್ಯೆಯಲ್ಲಿ ಅವರ ಓದು ಅಲ್ಲಿಗೆ ಮುಗಿದಿತ್ತು.

ಇಂಥವರನ್ನು ಮರಾಠಿ ಸೀಮೆಯ ಐರೋಲಿಯಲ್ಲಿ, ಅವರಿದ್ದ ಶ್ರಮಸಾಫಲ್ಯ ಹೌಸಿಂಗ್ ಸೊಸೈಟಿಯ ಜನ 'ಪೈಲಟ್ ಸಾಹೇಬ್' ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಅವರ ಎದೆ ಧಸಕ್ಕೆನ್ನುತ್ತಿತ್ತು.

ಎಲ್ಲಕ್ಕೂ ಮೂಲ ಗೋಡೆಯ ಮೇಲಿನ ಒಂದು ಫೋಟೋ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಗುಲ್ಬರ್ಗಾದ ಉರುಸಿಗೆ ಹೋಗಿದ್ದರು. ಅಲ್ಲಿ ಡೇರೆ ಹಾಕಿದ್ದ ಫೋಟೋದವನು ರಟ್ಟಿನಲ್ಲಿ ಒಂದು ಯುದ್ಧವಿಮಾನ ಮಾಡಿ, ಹಿಂದೆ ಮೋಡದ ಪರದೆ ಇಳಿಬಿಟ್ಟು, ಬಂದವರನ್ನು ಅದರಲ್ಲಿ ಕೂಡಿಸಿ ಫೋಟೋ ಹೊಡೆಯುತ್ತಿದ್ದ. ವಿರುಪಾಕ್ಷಪ್ಪನವರು ಚರ್ಮದ ಟೊಪ್ಪಿಗೆ, ದೊಡ್ಡ ಕನ್ನಡಕ ಹಾಕಿಕೊಂಡು ಮುಂದೆ ಕೂತರು; ನೀಲಗಂಗಾ ತಲೆ ಮೇಲೆ ಸೆರಗು ಹೊದ್ದು ಹಿಂದೆ ಕೂತಳು. ರಟ್ಟು ಎಲ್ಲಿ ಬೀಳುತ್ತದೋ ಎಂಬ ಭಯಕ್ಕೆ ಅವರ ಮುಖ ಎಷ್ಟು ಬಿಗಿದುಕೊಂಡಿತ್ತೆಂದರೆ, ಫೋಟೋದಲ್ಲಿ ಅದು ಶತ್ರುವನ್ನು ಗುರಿ ಹಿಡಿದ ವೀರನ ಮುಖವಾಗಿ ಬಂತು. ಐರೋಲಿಯಲ್ಲಿ ಸಿಕ್ಕ ಚೌಕಟ್ಟು ಸಣ್ಣದು. ಫೋಟೋ ಮಡಿಚಿ ಕೂಡಿಸಬೇಕಾಯಿತು. ಹಿಂದಿನ ಸೀಟು, ಹೆಂಡತಿ, ರಟ್ಟಿಗೆ ಆನಿಸಿದ್ದ ಬಿದಿರಿನ ಗಳ ಎಲ್ಲವೂ ಮಡಿಕೆಯ ಹಿಂದೆ ಹೋಗಿ ಪೈಲಟ್ ಒಬ್ಬನೇ ಉಳಿದ.

ಆದರೂ ಫೋಟೋ ಪಾಪ ತಾನಾಗಿ ಏನೂ ಹೇಳಲಿಲ್ಲ. ಐರೋಲಿಗೆ ಬಂದ ಮೇಲೆ ನೀಲಗಂಗಾ ಆ ಕಟ್ಟಡದಲ್ಲಿ ಎಷ್ಟೋ ವರ್ಷ ಇದ್ದೂ ಇಲ್ಲದಂತಿದ್ದಳು. ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಅರಿಶಿನ ಕುಂಕುಮಕ್ಕೆ ಕರೆದರೂ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತು, ಕುಂಕುಮ ಹಚ್ಚಿಸಿಕೊಂಡು, ಯಾರ ಜೊತೆಗೂ ಮಾತಿಲ್ಲದೆ ಬರುತ್ತಿದ್ದಳು. ಒಂದು ದಿನ ಕರಾವಳಿ ಕಡೆಯವರಾದ ಸೊಸೈಟಿ ಸೆಕ್ರೆಟರಿ ಲೀಲಾಧರರ ಹೆಂಡತಿ ರತ್ನಾವತಿ, ಸಂಜೆಯ ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು, ಗೋಡೆಯ ಫೋಟೋ ನೋಡಿ ನಿಂತುಬಿಟ್ಟರು. "ಅಬ್ಬ, ನಿಮ್ಮ ಯಜಮಾನ್ರು ಏರ್‌ಫೋರ್ಸಲ್ಲಿ ಇದ್ದದ್ದಾ? ನೀವು ಹೇಳ್ಲೇ ಇಲ್ಲ!" ನೀಲಗಂಗಾ ಬಾಯಿ ತೆರೆದಳು. ಏನೂ ಹೇಳದೆ ಮುಚ್ಚಿದಳು. ಆ ಸಂಜೆ ರತ್ನಾವತಿ ಅವಳನ್ನು ಒಳಗೆ ಕರೆದು ಕುರ್ಚಿ ಹಾಕಿ ಕೂಡಿಸಿದರು.

"ಅಲ್ಲ ಅಂತ ಅನ್ನಬೇಕಿತ್ತಲ್ಲ ನೀಲಾ?" ಎಂದು ವಿರುಪಾಕ್ಷಪ್ಪನವರು ತಲೆ ಮೇಲೆ ಕೈ ಹೊತ್ತು ಕೇಳಿದ್ದರು.

"ಅನ್ನಬೇಕಂತಲೇ ಹೋಗಿದ್ದೆ. ಅಷ್ಟರಾಗ ಕುರ್ಚಿ ತಂದಿಟ್ರು. ಕುಂತೆ. ಕುಂತಮ್ಯಾಲೆ ಹೆಂಗ ಅನ್ನೂದ್ರೀ?"

ಅಂದಿನಿಂದ ನೀಲಗಂಗಾ ಮೆಟ್ಟಿಲ ಮೇಲೆ ನಾಲ್ಕು ಜನರ ಜೊತೆ ನಿಂತು ಮಾತಾಡತೊಡಗಿದಳು, ಹಪ್ಪಳ ಮಾಡುವಾಗ ಅವಳನ್ನು ಕರೆಯತೊಡಗಿದರು, ಅವಳು ನಗುವುದು ಕೆಳಗಿನ ಗೇಟಿನ ತನಕ ಕೇಳಿಸತೊಡಗಿತು. ಆ ಕುರ್ಚಿಯನ್ನು ಅವಳ ಕೆಳಗಿನಿಂದ ಎಳೆಯುವ ಧೈರ್ಯ ವಿರುಪಾಕ್ಷಪ್ಪನವರಿಗೆ ಬರಲಿಲ್ಲ. ಅವರು ಯಾವ ಧೈರ್ಯಕ್ಕೂ ಹೆಸರಾದವರಲ್ಲ. ಸುಮ್ಮನೆ ಪೈಲಟ್ಟಾಗಿ ಉಳಿದುಬಿಟ್ಟರು.

ಹೀಗೆ ವರ್ಷಗಳು ಹಾರಾಟವಿಲ್ಲದೆ ಕ್ಷೇಮವಾಗಿ ಕಳೆಯುತ್ತಿದ್ದವು. ಅಷ್ಟರಲ್ಲಿ ಕಾರ್ಗಿಲ್ ಯುದ್ಧ ಬಂತು, ಮುಗಿಯಿತು, ಮುಗಿದ ಬೆನ್ನಿಗೆ ಗಣಪತಿ ಹಬ್ಬ ಬಂತು.

ಐರೋಲಿ ನಾಕಾದ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದ ಲೀಲಾಧರರು ಸೊಸೈಟಿಯ ಗಣೇಶ ಮಂಡಳಕ್ಕೂ ಅಧ್ಯಕ್ಷರು. ಒಂದು ಭಾನುವಾರ ಅವರು ವಿರುಪಾಕ್ಷಪ್ಪನವರ ಮನೆಗೆ ಬಂದು, ಫೋಟೋಗೆ ಎದುರಾಗಿ, ದೇವರಿಗೆ ಎದುರಾದವರಂತೆ ಕೂತರು. ಜೊತೆಗೆ ಶಶಿಕಾಂತ್ ಎಂಬ ತರುಣ. ಕೆಳಗಿನ ಅಂಗಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಅಪ್ಪ ಅಮ್ಮ ರಾಯಚೂರಿನವರಾದರೂ ಅವನಿಗೆ ಕನ್ನಡ ಕಿವಿಯಲ್ಲಿತ್ತೇ ಹೊರತು ಬಾಯಿಗೆ ಇಳಿದಿರಲಿಲ್ಲ.

"ಪೈಲಟ್ರೇ, ಈ ಸರ್ತಿ ನಮ್ಮ ಡೆಕೋರೇಶನ್ ಎಂತ ಗೊತ್ತುಂಟಾ? ಕಾರ್ಗಿಲ್! ಆದ್ರೆ ಊರಿನ ಮಂಡಳದವ್ರೆಲ್ಲ ಥರ್ಮಾಕೋಲಿಂದ ಗುಡ್ಡೆ ಮಾಡಿ ಇಟ್ಟಿದ್ದಾರೆ. ನಾವೂ ಗುಡ್ಡೆ ಮಾಡಿದ್ರೆ ಎಂತ ಸುಖ? ನಾವು ವಿಮಾನ ಇಡುವ."

ವಿರುಪಾಕ್ಷಪ್ಪನವರು ಚಹದ ಬಶಿ ಕೆಳಗಿಟ್ಟು ಬಾಗಿಲತ್ತ ನೋಡಿದರು.

"ಸಚ್ಚೀ ವಾಲಾ ನಹೀ ಅಂಕಲ್," ಎಂದು ಶಶಿಕಾಂತ್ ಉತ್ಸಾಹದಿಂದ ಹೇಳಿದ. "ಕಂಪ್ಯೂಟರ್ ಮೇ. ಮೇರೆ ಪಾಸ್ ಸೀಡೀ ಹೈ. ಪುರಾನಾ ಫೈಟರ್ ಪ್ಲೇನ್, ಸೆಕೆಂಡ್ ವರ್ಲ್ಡ್ ವಾರ್ ಕಾ. ಏಕದಮ್ ಅಸಲೀ ಕೀ ತರಹ ಸ್ಟಾರ್ಟ್ ಕರನಾ ಪಡತಾ ಹೈ."

ನಿಜವಾದ ವಿಮಾನವನ್ನು ಚಾಲೂ ಮಾಡಿದಂತೆಯೇ ಮಾಡಬೇಕಾದ ಕಂಪ್ಯೂಟರ್ ಆಟ ಅದು. ಲೀಲಾಧರರ ಯೋಜನೆ ಹೀಗಿತ್ತು. ಪೆಂಡಾಲಿನಲ್ಲಿ ಗಣಪತಿ ಪರದೆಯ ಹಿಂದೆ ಇರುತ್ತಾನೆ. ಚತುರ್ಥಿಯ ಸಂಜೆ ಪೈಲಟ್ ಸಾಹೇಬರು ಕಂಪ್ಯೂಟರಿನ ಮುಂದೆ ಕೂತು ವಿಮಾನದ ಎಂಜಿನ್ ಚಾಲೂ ಮಾಡುತ್ತಾರೆ. ನಾಲ್ಕು ಲೌಡ್‌ಸ್ಪೀಕರಿನಲ್ಲಿ ಎಂಜಿನ್ ಗರ್ಜಿಸಿದ ಕೂಡಲೇ ಶಶಿಕಾಂತ್ ಹಗ್ಗ ಎಳೆಯುತ್ತಾನೆ, ಪರದೆ ಸರಿಯುತ್ತದೆ, ಗಣಪತಿಯ ದರ್ಶನವಾಗುತ್ತದೆ, ಮೊದಲ ಆರತಿ ಶುರುವಾಗುತ್ತದೆ.

"ಮತ್ತ... ಎಂಜಿನ್ ಚಾಲೂ ಆಗಲಿಲ್ಲಂದ್ರ?" ಎಂದರು ವಿರುಪಾಕ್ಷಪ್ಪನವರು.

ಲೀಲಾಧರರು ಹೊಟ್ಟೆ ಹಿಡಿದು ನಕ್ಕರು. "ನೀವು ಕೂತ್ಮೇಲೆ ಆಗದೆ ಎಲ್ಲಿಗೆ ಹೋಗ್ತದೆ ಮಾರಾಯ್ರೆ! ಹಾಂ, ಮೊದಲ ಆರತಿ ತಟ್ಟೆ ಈ ಸಲ ನಿಮ್ಮ ಮನೆಯವ್ರ ಕೈಯಲ್ಲಿ. ರತ್ನಾವತಿಯೇ ಹೇಳಿದ್ದು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಗಂಗಾಳ ಮುಖದ ಮೇಲೆ ಮೂಡಿದ ಬೆಳಕನ್ನು ವಿರುಪಾಕ್ಷಪ್ಪನವರು ನೋಡಿದರು. ಇಲ್ಲ ಎನ್ನುವ ಮಾತು ಗಂಟಲಿನವರೆಗೂ ಬಂದಿತ್ತು. ಅಲ್ಲಿಂದಲೇ ಹಿಂದಕ್ಕೆ ಹೋಯಿತು.

ಮಾರನೇ ದಿನ ಕಾರ್ಖಾನೆಯಿಂದ ಬಂದವರು, ಗುಟ್ಟಾಗಿ ಕಲಿತುಬಿಟ್ಟರೆ ಆಯಿತು ಎಂದುಕೊಂಡು ಶಶಿಕಾಂತನ ಕ್ಲಾಸಿಗೆ ಹೋದರು. ಆದರೆ ಕಲಿಸಬೇಕಾದ ಶಶಿಕಾಂತ್ ಕೈಕಟ್ಟಿಕೊಂಡು ಶಿಷ್ಯನಂತೆ ಪಕ್ಕದಲ್ಲಿ ಕೂತುಬಿಟ್ಟ. "ಅಂಕಲ್, ಆಪ್ ಸಿಖಾಓ. ಮೈ ದೇಖತಾ ಹೂಂ."

ಪರದೆಯ ಮೇಲೆ ವಿಮಾನದ ಒಳಭಾಗ ಕಾಣುತ್ತಿತ್ತು. ಮುಳ್ಳುಗಳು, ಗುಂಡಿಗಳು, ಹಿಡಿಕೆಗಳು. ಯಾವುದನ್ನು ಮುಟ್ಟಿದರೆ ಯಾವುದು ಸಿಡಿಯುತ್ತದೋ ಯಾರಿಗೆ ಗೊತ್ತು. ವಿರುಪಾಕ್ಷಪ್ಪನವರು ಕೂರುವ ಮೊದಲು ಕುರ್ಚಿಯ ಕೆಳಗೆ ಬಗ್ಗಿ, ಕರೆಂಟಿನ ವೈರು ಎಲ್ಲಾದರೂ ಬಾಯಿಬಿಟ್ಟಿದೆಯೇ ಎಂದು ಎಲ್ಲ ಕಡೆ ನೋಡಿದರು. ಕಾಲಿನಿಂದ ಚಪ್ಪಲಿ ತೆಗೆಯಲಿಲ್ಲ, ಶಾಕ್ ಹೊಡೆದೀತು ಎಂಬ ಮುಂದಾಲೋಚನೆ.

"ದೇಖಾ?" ಎಂದು ಶಶಿಕಾಂತ್ ತನ್ನ ವಿದ್ಯಾರ್ಥಿಗಳತ್ತ ತಿರುಗಿ ಪಿಸುಗುಟ್ಟಿದ. "ಅಸಲೀ ಪೈಲಟ್. ಬೈಠನೇ ಕೇ ಪಹಲೇ ಪೂರಾ ಪ್ಲೇನ್ ಚೆಕ್ ಕರತಾ ಹೈ."

"ನಮ್ಮ ಕಾಲದ ವಿಮಾನ ಬ್ಯಾರೆ ಇತ್ತಪ," ಎಂದರು ವಿರುಪಾಕ್ಷಪ್ಪನವರು, ಪ್ರತಿ ಅಕ್ಷರವೂ ನಿಜವಾಗಿದ್ದ ಮಾತು. "ಇದರಾಗ ಯಾವುದು ಎಲ್ಲಿ ಐತಿ ನೀನs ಒಮ್ಮೆ ಹೇಳು."

ಶಶಿಕಾಂತ್ ಆಟದ ಪುಸ್ತಕ ನೋಡಿ ಹೇಳಿದ, ಒಂದೊಂದು ಕೆಲಸಕ್ಕೂ ಕೀಬೋರ್ಡಿನಲ್ಲಿ ಒಂದೊಂದು ಕೀಲಿ. ಮೊದಲು ಪೆಟ್ರೋಲಿನ ನಲ್ಲಿ ತೆರೆಯಬೇಕು. ಆಮೇಲೆ ಪ್ರೈಮರ್ ಎಂಬ ಪುಟ್ಟ ಪಂಪನ್ನು ಒತ್ತಿ ಒತ್ತಿ ಎಂಜಿನ್ನಿಗೆ ಪೆಟ್ರೋಲು ಕುಡಿಸಬೇಕು. ಸ್ವಿಚ್ಚು ಹಾಕಬೇಕು. ಕೊನೆಗೆ ಕೈಯಲ್ಲಿರುವ ಜಾಯ್‌ಸ್ಟಿಕ್ ಎಂಬ ಕೋಲಿನ ಕೆಂಪು ಗುಂಡಿ ಒತ್ತಿ ಹಿಡಿಯಬೇಕು. ಕುಡಿಸಿದ್ದು ಕಡಿಮೆಯಾದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ, ಹೆಚ್ಚಾದರೆ ಹೊತ್ತಿಕೊಳ್ಳುತ್ತದೆ.

ಆ ಕೊನೆಯ ಮಾತನ್ನು ಅವನು ಹೇಳಬಾರದಿತ್ತು. ವಿರುಪಾಕ್ಷಪ್ಪನವರ ಬೆರಳು ಪ್ರೈಮರಿನ ಕೀಲಿಯ ಮೇಲೆ ತಾನಾಗಿಯೇ ಕುಣಿಯಿತು. ಎಂಜಿನ್ ಹೊಟ್ಟೆ ತುಂಬ ಪೆಟ್ರೋಲು ಕುಡಿಯಿತು. ಕೆಂಪು ಗುಂಡಿ ಒತ್ತಿದ್ದೇ ತಡ, ಪರದೆಯ ಮೇಲೆ ಭಗ್ಗನೆ ಬೆಂಕಿ ಎದ್ದಿತು.

ವಿರುಪಾಕ್ಷಪ್ಪನವರು ಕುರ್ಚಿ ಉರುಳಿಸಿ, ಮೂರು ಜನರನ್ನು ದಾಟಿ ಗೋಡೆಗೆ ಹಾರಿ, ಮೇನ್ ಸ್ವಿಚ್ಚು ಎಳೆದುಬಿಟ್ಟರು. ಕ್ಲಾಸಿನ ಅಷ್ಟೂ ಕಂಪ್ಯೂಟರುಗಳು ಉಸಿರು ಬಿಟ್ಟವು. ಬೆಳಿಗ್ಗೆಯಿಂದ ಟೈಪು ಮಾಡಿದ್ದೆಲ್ಲ ಹೋಯಿತೆಂದು ವಿದ್ಯಾರ್ಥಿಗಳು ಬೊಬ್ಬೆ ಹಾಕಿದರು. ಇವರು ಸ್ವಿಚ್ಚಿನ ಹಿಡಿಕೆ ಬಿಡದೆ, ಕಣ್ಣು ಮುಚ್ಚಿ, "ಶರಣು ಬಸವಾ, ಶರಣು ಬಸವಾ" ಎನ್ನುತ್ತ ನಿಂತಿದ್ದರು. ಈಗ ಬಣ್ಣ ಬಯಲಾಯಿತು, ಇನ್ನು ಉಳಿದಿಲ್ಲ ಎಂದುಕೊಂಡರು.

ಕತ್ತಲಲ್ಲಿ ಶಶಿಕಾಂತನ ದನಿ ಭಕ್ತಿಯಿಂದ ನಡುಗುತ್ತಿತ್ತು. "ಕ್ಯಾ ರಿಫ್ಲೆಕ್ಸ್ ಹೈ ಅಂಕಲ್! ಆಗ್ ದೇಖೀ ಔರ್ ಸೀಧಾ ಮೇನ್ ಬಂದ್! ಇಸಕೋ ಬೋಲತೇ ಹೈ ಟ್ರೇನಿಂಗ್!"

ರಾತ್ರಿಯೊಳಗೆ ಸುದ್ದಿ ಐರೋಲಿಯ ಆ ಸೆಕ್ಟರಿನ ತುಂಬ ಹರಡಿತು. ಪೈಲಟ್ ಸಾಹೇಬರು ಉರಿಯುವ ವಿಮಾನದಿಂದ ಹಾರಿ ಹತ್ತಾರು ಮಕ್ಕಳನ್ನು ಉಳಿಸಿದರು ಎನ್ನುವ ತನಕ ಅದು ಬೆಳೆದಿತ್ತು. ಪಾನ್ ಅಂಗಡಿಯವನು ಎದ್ದು ನಿಂತು ನಮಸ್ಕಾರ ಮಾಡಿದ. ಮನುಷ್ಯ ಹೆದರಿ ಓಡಿದಷ್ಟೂ ಜನ ಅದನ್ನು ಶೌರ್ಯ ಎನ್ನುವುದಾದರೆ ಅವನು ಓಡುವುದಾದರೂ ಎಲ್ಲಿಗೆ? ವಿರುಪಾಕ್ಷಪ್ಪನವರು ಮನೆಗೆ ಬಂದು ಚಾದರ ಹೊದ್ದು ಮಲಗಿದರು.

ಆಮೇಲಿನ ದಿನಗಳಲ್ಲಿ ಶಶಿಕಾಂತ್ ಇಲ್ಲದ ಹೊತ್ತು ನೋಡಿ ಅವರು ಮತ್ತೆ ಮತ್ತೆ ಹೋದರು. ಎಂಜಿನ್ ಕೆಮ್ಮಿತು, ಹೊಗೆಯಾಡಿತು, ಸತ್ತಿತು. ಒಂದು ಸಲ ಮಾತ್ರ, ಯಾವ ಪುಣ್ಯವೋ, ಕುಡಿಸಿದ್ದು ಸರಿಯಾಗಿ, ವಿಮಾನದ ಮೂತಿಯ ಪಂಖ ಗರಗರ ತಿರುಗಿ ಎಂಜಿನ್ ಗುಡುಗಿತು. ಆ ಗುಡುಗಿಗೆ ಅವರು ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದರು. ಹೀಗಾಗಿ ಚಾಲೂ ಮಾಡುವ ಕ್ರಮ ಅವರಿಗೆ ಬಾಯಿಪಾಠವಾಯಿತು. ಬಂದ್ ಮಾಡುವುದು ಹೇಗೆ ಎಂದು ಕಲಿಯುವ ಹೊತ್ತಿಗೆ ಅವರು ರಸ್ತೆಯಲ್ಲಿದ್ದರು.

ಹಬ್ಬದ ಹಿಂದಿನ ದಿನ ಲೀಲಾಧರರು ಇನ್ನೊಂದು ಸಿಹಿಸುದ್ದಿ ತಂದರು. "ಚೀಫ್ ಗೆಸ್ಟ್ ಸಿಕ್ಕಿದ್ರು ಪೈಲಟ್ರೇ! ವಾಶಿಯಲ್ಲಿ ಇದ್ದಾರೆ, ರಿಟೈರ್ಡ್ ವಿಂಗ್ ಕಮಾಂಡರ್ ಸಬನೀಸ್. ಏರ್‌ಫೋರ್ಸ್! ನಿಮ್ಗೆ ಮಾತಾಡ್ಲಿಕ್ಕೆ ಒಳ್ಳೆ ಜನ ಆಯ್ತು."

ಲೀಲಾಧರರು ಮೆಟ್ಟಿಲಿಳಿದ ಕೂಡಲೇ ವಿರುಪಾಕ್ಷಪ್ಪನವರು ಬಾಗಿಲು ಹಾಕಿ ಹೆಂಡತಿಯ ಮುಂದೆ ಕೂತರು.

"ನೀಲಾ, ನಾ ಇವತ್ತs ಖರೆ ಹೇಳಿಬಿಡ್ತೀನಿ. ಅವ ನಿಜವಾದ ಏರ್‌ಫೋರ್ಸಿನಾಂವ. ನನ್ನ ಮಾರಿ ನೋಡಿದ ಕೂಡ್ಲೆ ಗುರ್ತು ಹಿಡಿತಾನ. ಯಾವ ಸ್ಕ್ವಾಡ್ರನ್ ಅಂತ ಕೇಳಿದ್ರ ಏನಂತ ಹೇಳ್ಲಿ? ಉರುಸಿನ ಸ್ಕ್ವಾಡ್ರನ್ ಅನ್ಲಿ?"

ನೀಲಗಂಗಾ ಬತ್ತಿ ಹೊಸೆಯುತ್ತಿದ್ದಳು. ನಾಳೆಯ ಆರತಿಯ ಬತ್ತಿ. ತಲೆ ಎತ್ತಲಿಲ್ಲ.

"ಹೇಳ್ರಿ. ನಾ ಬ್ಯಾಡ ಅನ್ನಂಗಿಲ್ಲ. ಸುಳ್ಳು ನಂದು, ಹೆದರಿಕಿ ನಿಮಗ ಯಾಕ?" ಎಂದಳು. ಬತ್ತಿಯನ್ನು ಎಣ್ಣೆಗೆ ಅದ್ದಿ ಪಕ್ಕಕ್ಕಿಟ್ಟಳು. "ಆದ್ರ ಒಂದs ಮಾತು. ಆರತಿ ಆಗ್ಲಿ. ಒಂದು ಸಲ ಆ ತಾಟು ನನ್ನ ಕೈಯಾಗ ಇರ್ಲಿ, ಎಲ್ಲಾರ ಮುಂದ. ಅದಾದಮ್ಯಾಲೆ ಮತ್ತ ಚಪ್ಪಲಿ ಹಂತ್ಯಾಕ ನಿಂತ್ರೂ ನಡೀತದ."

ಆರತಿಯ ತನಕ ಹೇಗಾದರೂ ಪೈಲಟ್ಟಾಗಿರಬೇಕು. ಅಷ್ಟು ಸಾಕು, ಆಮೇಲೆ ಐರೋಲಿಯೆಲ್ಲ ತಮ್ಮನ್ನು ನೋಡಿ ನಕ್ಕರೂ ಚಿಂತೆಯಿಲ್ಲ ಎಂದು ವಿರುಪಾಕ್ಷಪ್ಪನವರು ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದರು.

ಚತುರ್ಥಿಯ ಸಂಜೆ ಪೆಂಡಾಲು ಕಿಕ್ಕಿರಿದಿತ್ತು. ನೀಲಿ ಪರದೆ, ಅದರ ಮುಂದೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆ ಚೆಂಡುಹೂವಿನ ಹಾರ. ಲೀಲಾಧರರು ಕಂಪ್ಯೂಟರಿನ ಪೆಟ್ಟಿಗೆಗೂ ಕುಂಕುಮ ಹಚ್ಚಿಸಿದ್ದರು. ಶಶಿಕಾಂತ್ ಹಗ್ಗ ಹಿಡಿದು ಪರದೆಯ ಹಿಂದೆ ಸೇರಿದ್ದ. ಹೆಂಗಸರ ಸಾಲಿನ ಮುಂದೆ ನೀಲಗಂಗಾ ಇಳಕಲ್ ಸೀರೆ ಉಟ್ಟು, ಹಚ್ಚಿದ ದೀಪಗಳ ತಾಟು ಹಿಡಿದು ನಿಂತಿದ್ದಳು. ಮಂತ್ರ ಹೇಳಲು ಬಂದ ಭಟ್ಟರಿಗೆ ಘಣಸೋಲಿಯಲ್ಲಿ ಇನ್ನೊಂದು ಗಣಪತಿ ಕಾಯುತ್ತಿತ್ತು. ಅವರು ಆಗಲೇ ಎರಡು ಸಲ ಗಡಿಯಾರ ನೋಡಿದ್ದರು.

ವಿಂಗ್ ಕಮಾಂಡರ್ ಸಬನೀಸರು ಬಂದರು. ನೆಟ್ಟನೆಯ ಬೆನ್ನು, ಬಿಳಿ ಮೀಸೆ, ಎದೆಯ ಮೇಲೆ ಪದಕ. ಮಾತು ಕಡಿಮೆ. ಭಾಷಣಕ್ಕೆ ಕರೆದಾಗ ದೇಶಪ್ರೇಮದ ಬಗ್ಗೆ ಎರಡು ಮಾತಾಡಿ, ತಲೆ ಎತ್ತಿ ಆಕಾಶ ನೋಡಿ, "ಇವತ್ತು ಮಳೆ ಬರುವುದಿಲ್ಲ, ನನ್ನ ಗ್ಯಾರಂಟಿ" ಎಂದು ಮರಾಠಿಯಲ್ಲಿ ಹೇಳಿ ಇಳಿದರು. ಆಕಾಶವನ್ನು ಬಲ್ಲವರ ಮಾತೆಂದು ಜನ ಚಪ್ಪಾಳೆ ತಟ್ಟಿದರು.

ವಿರುಪಾಕ್ಷಪ್ಪನವರು ಕುರ್ಚಿಯಲ್ಲಿ ಕೂತರು. ಪೆಟ್ರೋಲು ತೆರೆದರು. ಹದವಾಗಿ ಕುಡಿಸಿದರು. ಸ್ವಿಚ್ಚು ಹಾಕಿದರು. ಕೋಲಿನ ಕೆಂಪು ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

ಕೆಮ್ಮಲಿಲ್ಲ ಕೂಡ. ಮತ್ತೆ ಒತ್ತಿದರು, ಎರಡೂ ಕೈಯಿಂದ ಒತ್ತಿದರು. ಕಂಪ್ಯೂಟರಿನ ಪರದೆಯ ಮೇಲೆ ಪಂಖ ತಣ್ಣಗೆ ನಿಂತಿತ್ತು. "ಗಣಪತಿ ಬಾಪ್ಪಾ..." ಎಂದು ಲೀಲಾಧರರು ಕೂಗಿದರು. "ಮೋರಯಾ!" ಎಂದು ಜನ ಕೂಗಿದರು. ಎಂಜಿನ್ನಿಗೆ ಭಕ್ತಿ ಇರಲಿಲ್ಲ. ಹಿಂದೆ ಯಾರೋ ನಕ್ಕಂತಾಯಿತು. "ಅಹೋ, ಲವಕರ ಕರಾ!" ಎಂದು ಭಟ್ಟರು ಅವಸರ ಮಾಡಿದರು.

"ವಿಂಗ್ ಕಮಾಂಡರ್ ಸಾಹೇಬ್ರು ಸ್ವಲ್ಪ ನೋಡ್ಬೇಕು," ಎಂದು ಲೀಲಾಧರರು ಮೈಕಿನಲ್ಲೇ ಬೇಡಿಕೊಂಡರು. "ಇಬ್ಬರೂ ಫೈಟರ್‌ಗಳು ಸೇರಿದ್ರೆ ಆಗದೆ ಉಂಟಾ?"

ಬೂಟಿನ ಸದ್ದು ಹತ್ತಿರ ಬಂತು. ವಿರುಪಾಕ್ಷಪ್ಪನವರು ಕಣ್ಣು ಮುಚ್ಚಿದರು. ಇನ್ನು ಪ್ರಶ್ನೆ ಬರುತ್ತದೆ, ಇನ್ನು ಎಲ್ಲ ಮುಗಿಯುತ್ತದೆ. ಬಿಳಿ ಮೀಸೆ ಅವರ ಕಿವಿಯ ಹತ್ತಿರ ಬಗ್ಗಿತು. ಅಲ್ಲಿಂದ ಅಚ್ಚ ಬೆಳಗಾವಿ ಕನ್ನಡ ಹೊರಟಿತು, ಅದೂ ನಡುಗುತ್ತ.

"ರೀ, ನೀವು ಕನ್ನಡದವರಂತಲ್ಲ? ಹೆಂಗರ ಮಾಡಿ ಚಾಲೂ ಮಾಡ್ರಿ. ಇಲ್ಲಂದ್ರ ಈ ಮಂದಿ ನನ್ನ ಕುಂಡ್ರಸ್ತಾರ. ನಾ ಏರ್‌ಫೋರ್ಸಿನಾಗ ಹವಾಮಾನ ಖಾತೆದಾಂವ್ರೀ! ಮೂವತ್ತು ವರ್ಷ ಮಳಿ ಬರ್ತದೋ ಇಲ್ಲೋ ಅಂತ ಹೇಳೂದs ನನ್ನ ಕೆಲಸ ಇತ್ತು. ವಿಮಾನ ನಾ ಖಿಡಕ್ಯಾಗಿಂದ ನೋಡೀನಿ."

ವಿರುಪಾಕ್ಷಪ್ಪನವರು ಕಣ್ಣು ಬಿಟ್ಟು ನೋಡಿದರು. ಆ ಮೀಸೆಯ ಹಿಂದೆ ತಮ್ಮದೇ ಮುಖ ಕೂತಂತಿತ್ತು. ಇಡೀ ಪೆಂಡಾಲಿನಲ್ಲಿ ತಮ್ಮಷ್ಟೇ ಹೆದರಿದ ಇನ್ನೊಬ್ಬ ಮನುಷ್ಯ ಇದ್ದಾನೆಂದು ತಿಳಿದು ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈಗ ಇಬ್ಬರ ಭಯವನ್ನೂ ಅವರೊಬ್ಬರೇ ಹೊರಬೇಕಾಯಿತು. ಅವರು ಹೆಂಗಸರ ಸಾಲಿನತ್ತ ನೋಡಿದರು.

ನೀಲಗಂಗಾ ತಾಟು ಹಿಡಿದೇ ಒಂದು ಹೆಜ್ಜೆ ಮುಂದೆ ಬಂದಳು. ದಿನಾ ಬೆಳಿಗ್ಗೆ ಬಾಲ್ಕನಿಯಿಂದ ಬರುವ ಅದೇ ದನಿ ಪೆಂಡಾಲಿನ ಉದ್ದಕ್ಕೂ ಕೇಳಿಸಿತು.

"ಎಡಕ್ಕ ವಾರಿ ಮಾಡ್ರೀ!"

ಆ ದನಿಗೆ ವಿರುಪಾಕ್ಷಪ್ಪನವರ ಕೈಕಾಲು ತಾವಾಗಿ ಎದ್ದವು. ಯೋಚಿಸಲಿಲ್ಲ, ಹೆದರಲೂ ಇಲ್ಲ. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಾರ ಸಮೇತ ತಬ್ಬಿ ಹಿಡಿದು ಎಡಕ್ಕೆ ವಾರೆ ಮಾಡಿದರು, ಒಂದು ಗಳಿಗೆ ಹಿಡಿದರು, ದಪ್ಪೆಂದು ನೆಟ್ಟಗಿಟ್ಟರು. ಅಭ್ಯಾಸಬಲದಿಂದ ಮೇಜಿನ ಕಾಲಿಗೆ ಒಂದು ಒದೆಯನ್ನೂ ಕೊಟ್ಟರು. ಆಮೇಲೆ ಕೆಂಪು ಗುಂಡಿ ಒತ್ತಿದರು.

ನಾಲ್ಕು ಲೌಡ್‌ಸ್ಪೀಕರುಗಳಿಂದ ಎಂಜಿನ್ ಗುಡುಗಿತು. ಛಾವಣಿಗೆ ಅಂಟಿಸಿದ್ದ ಥರ್ಮಾಕೋಲಿನ ಮೋಡಗಳಿಂದ ಚೂರುಗಳು ಉದುರಿದವು. ಭಟ್ಟರು ಕಿವಿ ಮುಚ್ಚಿಕೊಂಡರು, ವಿಂಗ್ ಕಮಾಂಡರರು ಮೇಜಿನ ಮರೆಗೆ ಕುಕ್ಕರಿಸಿದರು, ಜನ ಹುಚ್ಚೆದ್ದು "ಮೋರಯಾ!" ಎಂದರು. ಪೆಟ್ಟಿಗೆಯ ಹಿಂದೆ ಕೋಲಿನ ವೈರು ಸಡಿಲವಾಗಿತ್ತೆಂದೂ, ವಾರೆ ಮಾಡಿ ಕುಕ್ಕಿದಾಗ ಅದು ಕೂತಿತೆಂದೂ ಶಶಿಕಾಂತ್ ಆಮೇಲೆ ಹೇಳಿದ. ಆ ಗಳಿಗೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಪರದೆ ಸರಿಯಿತು.

ಆದರೆ ಎಂಜಿನ್ ನಿಲ್ಲಲಿಲ್ಲ. ಆರತಿಯ ಹಾಡು ಶುರುವಾದರೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. "ಬಂದ್ ಮಾಡಿ ಪೈಲಟ್ರೇ, ಸಾಕು!" ಎಂದು ಲೀಲಾಧರರು ಕೈಸನ್ನೆ ಮಾಡಿದರು. ವಿರುಪಾಕ್ಷಪ್ಪನವರು ಸಿಕ್ಕಿದ ಕೀಲಿಗಳನ್ನೆಲ್ಲ ಒತ್ತಿದರು. ವಿಮಾನ ನಿಲ್ಲುವ ಬದಲು ಚಲಿಸಿತು. ಓಡಿತು. ಕಂಪ್ಯೂಟರಿನ ಪರದೆಯ ಮೇಲೆ ದೂರದಲ್ಲಿದ್ದ ಗೋಡೆಯೊಂದು ದೊಡ್ಡದಾಗುತ್ತ ಬಂತು. ಗಣಪತಿಯ ಮುಂದೆ, ಮೊದಲ ಆರತಿಯ ಹೊತ್ತಿಗೆ, ವಿಮಾನ ಅಪ್ಪಳಿಸಿದರೆ ಅದಕ್ಕಿಂತ ಅಪಶಕುನ ಬೇಕೇ! ನಾಳೆ ಜನ ತಾಟು ಹಿಡಿದವಳ ಕಾಲ್ಗುಣ ಎಂದಾರು. ಅವರಿಗೆ ಬಂದ್ ಮಾಡುವ ದಾರಿ ಗೊತ್ತಿದ್ದದ್ದು ಒಂದೇ. ಎದ್ದು ಹಾರಿ, ಪೆಂಡಾಲಿನ ಮೇನ್ ಸ್ವಿಚ್ಚು ಎಳೆದರು.

ಎಲ್ಲ ಕತ್ತಲಾಯಿತು. ಎಲ್ಲ ಸದ್ದೂ ನಿಂತಿತು. ಆ ಮೌನದಲ್ಲಿ ತಗಡಿನ ಛಾವಣಿಯ ಮೇಲೆ ಟಪಟಪ ಹನಿ ಬಿದ್ದವು, ಆಮೇಲೆ ಜೋರಾಗಿ ಮಳೆ ಬಂತು. "ಛೇ," ಎಂದಿತು ಮೇಜಿನ ಮರೆಯಲ್ಲಿ ಒಂದು ಬೆಳಗಾವಿ ದನಿ.

ಪೆಂಡಾಲಿನಲ್ಲಿ ಉಳಿದ ಬೆಳಕು ಒಂದೇ, ನೀಲಗಂಗಾಳ ತಾಟಿನದು. ಅವಳು ಮೆಲ್ಲನೆ ಮುಂದೆ ನಡೆದಳು. ಜನ ತಾವಾಗಿ ದಾರಿ ಬಿಟ್ಟರು. ದೀಪಗಳನ್ನು ಎತ್ತಿದಷ್ಟೇ ಗಣಪತಿ ಕಂಡ. ಮೊದಲು ಪಾದ, ಆಮೇಲೆ ಹೊಟ್ಟೆ, ಸೊಂಡಿಲು, ಕಣ್ಣು. ಯಾರೋ ಮೈಕಿಲ್ಲದೆ ಹಾಡು ಎತ್ತಿಕೊಂಡರು, ಎಲ್ಲರೂ ಸೇರಿದರು. ಎಲ್ಲರ ಕಣ್ಣೂ ಅವಳ ಕೈಯ ಮೇಲಿತ್ತು. ಸ್ವಿಚ್ಚಿನ ಹಿಡಿಕೆ ಹಿಡಿದೇ ನಿಂತಿದ್ದ ವಿರುಪಾಕ್ಷಪ್ಪನವರು ಕತ್ತಲಲ್ಲಿ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡರು.

ಮಾರನೇ ದಿನ ಬೆಳಿಗ್ಗೆ ಅವರು ಶರ್ಟು ಹಾಕಿಕೊಂಡು, ಮುಖ ಬಿಗಿದುಕೊಂಡು, ಲೀಲಾಧರರ ಮನೆಗೆ ಹೊರಟರು. ನೀಲಗಂಗಾ ಗೋಡೆಯ ಫೋಟೋ ಇಳಿಸಿ, ಚೌಕಟ್ಟಿನ ಮೊಳೆ ಕಿತ್ತು, ಮಡಿಕೆ ಬಿಚ್ಚುತ್ತಿದ್ದಳು.

"ನೀವು ಕೂಡ್ರಿ. ನಾ ಹೋಗ್ತೀನಿ."

"ನೀ ಯಾಕ? ಮಂದಿ ನಗ್ತಾರ."

"ಕುರ್ಚಿ ಮ್ಯಾಲೆ ಕುಂತಾಕಿ ನಾನು. ಎದ್ದು ನಿಂದ್ರೂದೂ ನಾನs."

ಬಿಚ್ಚಿದ ಫೋಟೋ ಸೆರಗಿನಲ್ಲಿ ಹಿಡಿದು ಅವಳು ಮೇಲಿನ ಮಹಡಿಗೆ ಹೋದಳು. ವಿರುಪಾಕ್ಷಪ್ಪನವರು ಮೇಲೆ ಕಿವಿಯಿಟ್ಟು ನಿಂತರು. ಮೇಲೆ ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ರತ್ನಾವತಿಯ ನಗು, ಅದರ ಮೇಲೆ ಲೀಲಾಧರರ ದೊಡ್ಡ ನಗು, ಕಟ್ಟಡವೇ ಅಲ್ಲಾಡುವಂಥದ್ದು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕತೊಡಗಿತು. ಅವರು ಓಡಿ ಹೋಗಿ ಗ್ಯಾಸ್ ಆರಿಸಿದರು. ತಾವು ಏನು ಮುಟ್ಟಿದೆವು ಎಂಬುದು ಅವರಿಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ನೀಲಗಂಗಾ ಬಂದಳು.

"ಹೇಳಿದಿ?"

"ಹೇಳಿದೆ. ಫೋಟೋ ತೋರಿಸಿದೆ. ರಟ್ಟಿಗೆ ಆನಿಸಿದ ಬಿದಿರಿನ ಗಳಾನೂ ತೋರಿಸಿದೆ."

"ನಕ್ಕರು."

"ಹೂಂ, ನಕ್ಕರು. ಕಣ್ಣಾಗ ನೀರು ಬರೂತನ ನಕ್ಕರು. ನನಗೂ ನಗು ಬಂತು, ನಾನೂ ನಕ್ಕೆ."

"ಆಮ್ಯಾಲೆ?" ಎಂದರು ವಿರುಪಾಕ್ಷಪ್ಪನವರು, ಕೇಳಲು ಹೆದರುತ್ತ.

ನೀಲಗಂಗಾ ಬಿಚ್ಚಿದ ಫೋಟೋವನ್ನು ಚೌಕಟ್ಟಿಲ್ಲದೆಯೇ ಗೋಡೆಗೆ ಹಚ್ಚಿದಳು. ಮುಂದೆ ಬಿಗಿದ ಮುಖದ ಗಂಡ, ಹಿಂದೆ ಸೆರಗು ಹೊದ್ದ ಹೆಂಡತಿ, ಅವಳ ಹಿಂದೆ ಬಿದಿರಿನ ಗಳ.

"ಆಮ್ಯಾಲೆ ರತ್ನಾವತಿಯವರು ಕಣ್ಣು ಒರಸಿಕೊಂಡು, 'ನೀವ್ಯಾಕೆ ನಿಂತೇ ಇದ್ದೀರಿ?' ಅಂತಂದು ಕುರ್ಚಿ ಎಳದು ಹಾಕಿದ್ರು."

ಅಷ್ಟರಲ್ಲಿ, ಆಗಲೇ ಅಂಗಳಕ್ಕೆ ಇಳಿದಿದ್ದ ಲೀಲಾಧರರು ಕೆಳಗಿನಿಂದ ಇಡೀ ಸೊಸೈಟಿಗೆ ಕೇಳುವಂತೆ ಕೂಗಿದರು. "ಓ ರಟ್ಟಿನ ಪೈಲಟ್ರೇ! ಟಾಂಕಿಯ ಪಂಪು ಚಾಲೂ ಆಗುದಿಲ್ಲ. ಒಮ್ಮೆ ಬಂದು ವಾರೆ ಮಾಡಿ ಹೋಗಿ ಮಾರಾಯ್ರೆ!"

ಅವರ ಎದೆ ಎಂದಿನಂತೆ ಧಸಕ್ಕೆಂದಿತು. ಪಂಪೆಂದರೆ ನೀರು, ನೀರಿನ ಜೊತೆ ಕರೆಂಟು. ಆದರೂ ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಬಾಲ್ಕನಿಯಲ್ಲಿ ಆಗಲೇ ನೀಲಗಂಗಾ ಬಂದು ನಿಂತಿದ್ದಳು.